ಉಸಿರಾಟವನ್ನು ಮರಳಿ ಕಲಿಸುವ ಆಸ್ಪತ್ರೆಗಳು

ಆಸ್ಪತ್ರೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಒಂದೆರಡು ವಾರ ಮಲಗಿದ್ದು ಮನೆಗೆ ಮರಳುವ ರೋಗಿಯ ಚಿತ್ರ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇರೊಂದು ಬಗೆಯ ಆಸ್ಪತ್ರೆಗಳುಂಟು. ಅಲ್ಲಿ ರೋಗಿಗಳ ಸರಾಸರಿ ವಾಸವು 25 ದಿನಗಳನ್ನು ಮೀರಿರಬೇಕೆಂಬುದು ಸರಕಾರದ ನಿಬಂಧನೆ. ಇವನ್ನು ದೀರ್ಘಕಾಲದ ತೀವ್ರ ಚಿಕಿತ್ಸಾಲಯಗಳೆನ್ನಬಹುದು. ಇವು ವೃದ್ಧರ ವಿಶ್ರಾಂತಿಗೃಹಗಳಲ್ಲ. ಸಾವಿನ ದವಡೆಯಿಂದ ಪಾರಾಗಿಯೂ ಯಂತ್ರದ ನೆರವಿಲ್ಲದೆ ಉಸಿರಾಡಲಾರದವರು ಇಲ್ಲಿಗೆ ಬರುತ್ತಾರೆ.

ಇವು ಬೆಳೆದುದಕ್ಕೆ ವೈದ್ಯಶಾಸ್ತ್ರದಷ್ಟೇ ಲೆಕ್ಕಪತ್ರವೂ ಕಾರಣವೆಂದರೆ ಓದುಗರಿಗೆ ಸೋಜಿಗವೆನಿಸೀತು. ಮೆಡಿಕೇರ್ ಎಂಬ ಸರಕಾರಿ ವಿಮೆಯು 1983ರಲ್ಲಿ, ತಗುಲಿದ ವೆಚ್ಚವನ್ನು ತೆರುವುದನ್ನು ಬಿಟ್ಟು, ರೋಗದ ವರ್ಗಕ್ಕೆ ಇಂತಿಷ್ಟೆಂದು ಹಣ ಕೊಡತೊಡಗಿತು. ದೀರ್ಘಕಾಲ ಮಲಗುವವರನ್ನು ಇರಿಸಿಕೊಳ್ಳುವ ಆಸ್ಪತ್ರೆಗಳಿಗೆ ಇದರಿಂದ ವಿನಾಯಿತಿ ದೊರೆಯಿತು. ಹಳೆಯ ಕ್ಷಯರೋಗ ಚಿಕಿತ್ಸಾಲಯಗಳೂ ಅವುಗಳಲ್ಲಿ ಸೇರಿದ್ದುವು.

ಇನ್ನು ಶರೀರದ ಕಡೆ ನೋಡೋಣ. ನಮ್ಮ ಉಸಿರಾಟದ ಮುಖ್ಯ ಸ್ನಾಯು ವಪೆ. ಇದು ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಹರಡಿದೆ. ಹುಟ್ಟಿದಂದಿನಿಂದ ವಿರಾಮವನ್ನೇ ಕಾಣದ ಈ ಸ್ನಾಯುವಿನ ಕೆಲಸವನ್ನು ಯಂತ್ರವು ಪೂರ್ತಿಯಾಗಿ ವಹಿಸಿಕೊಂಡರೆ ಏನಾದೀತು? ಮೂರು ದಿನಗಳೊಳಗಾಗಿಯೇ ಅದರ ತಂತುಗಳು ಸೊರಗುತ್ತವೆಂದು 2008ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿದುವು. ಜೀವವನ್ನು ಉಳಿಸಿದ ಯಂತ್ರವೇ ರೋಗಿಯನ್ನು ತನಗೆ ಅಧೀನನನ್ನಾಗಿ ಮಾಡಿಕೊಳ್ಳುತ್ತದೆ.

ಅದರಿಂದ ಬಿಡಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಮಗುವಿಗೆ ಮೊಲೆ ಬಿಡಿಸುವುದೆಂಬ ಮಾತನ್ನೇ ಬಳಸುತ್ತಾರೆ, ಹೆಸರು ಒಪ್ಪುವಂತಿದೆ. ಯಂತ್ರದ ಒತ್ತಡವನ್ನು ದಿನದಿನಕ್ಕೆ ತಗ್ಗಿಸುವುದು ಒಂದು ಮಾರ್ಗ. ಕೊರಳಿನಲ್ಲಿ ಶ್ವಾಸನಾಳಕ್ಕೆ ಕೊರೆದ ರಂಧ್ರದ ಮೂಲಕ, ಯಂತ್ರವಿಲ್ಲದೆ, ಕೆಲವು ಗಂಟೆಗಳ ಕಾಲ ಸ್ವತಃ ಉಸಿರಾಡಿಸುವುದು ಇನ್ನೊಂದು. ಇಲಿನಾಯ್ ಪ್ರಾಂತದ ಇಂಥದೇ ಆಸ್ಪತ್ರೆಯೊಂದರಲ್ಲಿ 316 ರೋಗಿಗಳ ಮೇಲೆ ಇವೆರಡನ್ನೂ ಹೋಲಿಸಿ, ಫಲವನ್ನು 2013ರಲ್ಲಿ ಪ್ರಕಟಿಸಿದರು. ಮೊದಲ ಮಾರ್ಗಕ್ಕೆ ಹಿಡಿದ ಮಧ್ಯಮಾವಧಿ 19 ದಿನ, ಎರಡನೆಯದಕ್ಕೆ 15.

ನಾಲ್ಕು ದಿನಗಳ ಉಳಿತಾಯವು ಅಲ್ಪವೆಂದು ತೋರಬಹುದು. ಆದರೆ ಆ ದಿನಗಳಲ್ಲಿ ರೋಗಿಯ ಬಳಿ ಇರುವವರು ಯಾರು? ವೈದ್ಯರು ಬಂದು ನೋಡಿ ಹೋಗುತ್ತಾರೆ. ಉಸಿರಾಟದ ತಂತ್ರಜ್ಞರು ಯಂತ್ರವನ್ನು ಸರಿಪಡಿಸುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ಕಾವಲಿರುವವರು ದಾದಿಯರು. ಮಗ್ಗುಲು ಬದಲಿಸದಿದ್ದರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಈ ಅಪಾಯವನ್ನು ಅಳೆಯಲು ಬ್ರೇಡನ್ ಮತ್ತು ಬರ್ಗ್‌ಸ್ಟ್ರಾಮ್ ಎಂಬ ಇಬ್ಬರು ದಾದಿಯರೇ ಒಂದು ಮಾನವನ್ನು ರಚಿಸಿ 1987ರಲ್ಲಿ ಪ್ರಕಟಿಸಿದರು. ಅದರಲ್ಲಿ ಆರು ಅಂಶಗಳಿವೆ. ಅಂಕ 6ರಿಂದ 23ರವರೆಗೆ. ಅಂಕ ಇಳಿದಷ್ಟೂ ಅಪಾಯ ಹೆಚ್ಚು.

ಇಲ್ಲಿಯೇ ಮುಖ್ಯ ದಾದಿಯ ಹೊಣೆ ಬರುವುದು. ಫ್ಲಾರೆನ್ಸ್ ನೈಟಿಂಗೇಲ್ 1859ರ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟಿದ್ದಾಳೆ: ತಾನಿದ್ದಾಗ ನಡೆಯುವ ಕೆಲಸವು ತಾನಿಲ್ಲದಾಗಲೂ ನಡೆಯುವಂತೆ ಏರ್ಪಡಿಸುವುದು ಹೇಗೆ? ಒಬ್ಬ ದಾದಿಗೆ ಎಷ್ಟು ರೋಗಿಗಳು, ಹೊಸಬಳ ಪಕ್ಕದಲ್ಲಿ ಯಾರು, ಪಾಳಿ ಬದಲಾಗುವಾಗ ಯಾವ ಮಾತು ತಪ್ಪದೆ ದಾಟಬೇಕು, ಇವನ್ನೆಲ್ಲ ಗೊತ್ತುಮಾಡುವವಳು ಆಕೆಯೇ. ಇದನ್ನು ಬರಿಯ ಮೇಲ್ವಿಚಾರಣೆಯೆಂದು ತಿಳಿಯುವುದು ತಪ್ಪೆಂದು ನಮ್ಮ ಅಭಿಪ್ರಾಯ.

ಒಂದು ನಿದರ್ಶನ ಸಾಕು. ಕೊರಳಿನ ನಳಿಕೆಯ ಸುತ್ತ ಗಾಳಿ ತುಂಬಿದ ಸಣ್ಣ ಬುಗ್ಗೆಯೊಂದಿರುತ್ತದೆ. ಅದು ಉಬ್ಬಿರುವಾಗ ಗಾಳಿಯು ಧ್ವನಿತಂತುಗಳನ್ನು ಮುಟ್ಟದು, ರೋಗಿಗೆ ಮಾತಿಲ್ಲ. ಒಳಗೆ ಮಾತ್ರ ಗಾಳಿ ಬಿಡುವ ಕವಾಟವೊಂದನ್ನು ನಳಿಕೆಯ ಬಾಯಿಗೆ ಇಟ್ಟರೆ ಉಸಿರು ಗಂಟಲಿನ ಮೂಲಕವೇ ಹೊರಬೀಳುತ್ತದೆ. ಹಲವು ವಾರಗಳ ಮೌನದ ತರುವಾಯ ರೋಗಿಯು ಮನೆಯವರ ಹೆಸರು ಹಿಡಿದು ಕರೆಯಬಲ್ಲನು. ಆದರೆ ಬುಗ್ಗೆಯ ಗಾಳಿಯನ್ನು ಮೊದಲು ಪೂರ್ತಿಯಾಗಿ ತೆಗೆದಿರಬೇಕು. ಮರೆತರೆ, ಒಳಹೊಕ್ಕ ಉಸಿರಿಗೆ ಹೊರಬರಲು ದಾರಿಯೇ ಇಲ್ಲ. ಕೂಗಲು ಆತನಿಗೆ ದನಿಯೂ ಇಲ್ಲ. ಆದುದರಿಂದಲೇ ಆ ಕವಾಟವನ್ನು ಯಾರು ಇಡಬಹುದು, ಇಡುವ ಮುನ್ನ ಏನನ್ನು ನೋಡಬೇಕು, ಇಟ್ಟಮೇಲೆ ಹಾಸಿಗೆಯ ಬಳಿ ಯಾರು ನಿಲ್ಲಬೇಕು ಎಂಬುದನ್ನು ಮುಖ್ಯ ದಾದಿಯು ರಾತ್ರಿಯ ಪಾಳಿಯವರಿಗೂ ತಪ್ಪದೆ ಕಲಿಸಿರಬೇಕಾಗುತ್ತದೆ.