ಕಾಣದ ಶಾರ್ಕ್‌ಗೆ ಯಾಕಷ್ಟು ಹೆದರುತ್ತೇವೆ?

ಪ್ರಶ್ನೆ: ಭಯಪಡಿಸುವುದನ್ನು ಮರೆಯಲ್ಲಿಟ್ಟರೆ ಸಾಕೇ, ಸಿನಿಮಾಕ್ಕೆ ಬಿಗುವು ಬಂದುಬಿಡುತ್ತದೆಯೇ?

ಉತ್ತರ: ಸಾಲದು. ಸ್ಪೀಲ್‌ಬರ್ಗ್ ಅವರ ‘ಜಾಸ್’ (1975) ನೋಡಿ. ಚಿತ್ರೀಕರಣಕ್ಕೆ ತಂದ ಯಾಂತ್ರಿಕ ಶಾರ್ಕ್ ಉಪ್ಪುನೀರಿನಲ್ಲಿ ಪದೇಪದೇ ಕೈಕೊಟ್ಟಿದ್ದರಿಂದ, ಅದನ್ನು ಹೆಚ್ಚು ತೋರಿಸದೆಯೇ ಕತೆ ಹೇಳಬೇಕಾಯಿತು. ಮರೆಮಾಚಿದ್ದರಿಂದಲೇ ಚಿತ್ರ ಗೆದ್ದಿತೆಂಬ ಮಾತು ಅರ್ಧ ಮಾತ್ರ ನಿಜ. ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರಗಳ ಸಂಗೀತ, ಶಾರ್ಕ್ ಹತ್ತಿರವಾಗುತ್ತಿದೆಯೆಂದು ಮೊದಲೇ ತಿಳಿಸುತ್ತದೆ. ಅದಕ್ಕೆ ಸಿಕ್ಕಿಸಿದ ಹಳದಿ ಪೀಪಾಯಿಗಳು ನೀರಿನ ಮೇಲೆ ಅದರ ದಾರಿಯನ್ನೇ ತೋರಿಸುತ್ತವೆ. ಬರುತ್ತಿರುವುದು ಗೊತ್ತು, ಯಾವ ಗಳಿಗೆಯಲ್ಲಿ ಎರಗೀತೆಂಬುದು ಗೊತ್ತಿಲ್ಲ: ಉಸಿರು ಬಿಗಿಹಿಡಿಸುವುದು ಈ ಅರ್ಧ ತಿಳಿವಳಿಕೆ. ಸಂಗೀತದ ಸುಳಿವಿಲ್ಲದೆ ಶಾರ್ಕ್ ದೋಣಿಯ ಹಿಂದೆ ಬಾಯ್ದೆರೆದು ಏಳುವ ದೃಶ್ಯವೂ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅಷ್ಟು ಹೊತ್ತು ಸಂಗೀತವನ್ನು ನಂಬಲು ನಮ್ಮ ಕಿವಿಯನ್ನು ಪಳಗಿಸಿದ್ದರಿಂದಲೇ ಆ ಮೌನಕ್ಕೆ ಅಷ್ಟು ಹರಿತ.