ವೋಟು ಊರಲ್ಲೋ, ಹಾಸ್ಟೆಲ್‌ನಲ್ಲೋ?

2022ರ ನವೆಂಬರ್ 8ರ ರಾತ್ರಿ. ಅಮೆರಿಕದ ಆನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂ ಮುಂದೆ ಉದ್ದದ ಸಾಲು. ಅಲ್ಲಿ ನಿಂತಿದ್ದ ಹುಡುಗ ಹುಡುಗಿಯರು ಚಿತ್ರ ನೋಡಲು ಬಂದವರಲ್ಲ. ನಗರದ ಕ್ಲರ್ಕ್ ಕಚೇರಿ ಚುನಾವಣೆಗೆಂದು ಮ್ಯೂಸಿಯಂನೊಳಗೇ ಒಂದು ಶಾಖೆ ತೆರೆದಿತ್ತು. ಎಂಟು ಗಂಟೆಯೊಳಗೆ ಸಾಲು ಸೇರಿದವರಿಗೆಲ್ಲ ಮತ ಹಾಕುವ ಅವಕಾಶ. ಹೆಸರು ನೋಂದಾಯಿಸಿ, ಅಲ್ಲೇ ಮತ ಹಾಕಿ ಕೊನೆಯವರು ಹೊರಬೀಳುವಾಗ ಮಧ್ಯರಾತ್ರಿ ದಾಟಿತ್ತು.

‘ಈಗಿನ ಹುಡುಗರಿಗೆ ರಾಜಕೀಯವೇ ಬೇಡ’ ಎನ್ನುವವರು ಆ ಸಾಲನ್ನೊಮ್ಮೆ ನೋಡಬೇಕಿತ್ತು. ಹುಡುಗರು ಎಡವುವುದು ಬೇರೆಡೆ. 2018ರಲ್ಲಿ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕೇಳಿದಾಗ ಸಿಕ್ಕ ಉತ್ತರಗಳಲ್ಲೊಂದು: ಅಂಚೆ ಮತಪತ್ರ ತುಂಬಿಟ್ಟಿದ್ದೇವೆ, ಸ್ಟಾಂಪು ಎಲ್ಲಿ ಸಿಗುತ್ತದೋ ಗೊತ್ತಿಲ್ಲ!

ಇಂಥ ಸಣ್ಣ ಪ್ರಶ್ನೆಗಳಿಗೆ ನಾಚಿಕೆಯಿಲ್ಲದೆ ಉತ್ತರ ಸಿಗುವ ಜಾಗ ಕಾಲೇಜು ಪತ್ರಿಕೆ. ಆನ್ ಆರ್ಬರ್‌ನಲ್ಲಿ ಅದು ವಿದ್ಯಾರ್ಥಿಗಳೇ ನಡೆಸುವ ‘ದಿ ಮಿಷಿಗನ್ ಡೈಲಿ’. 1890ರಲ್ಲಿ ಹುಟ್ಟಿದ್ದು. ನಾಟಕಕಾರ ಆರ್ಥರ್ ಮಿಲ್ಲರ್ ಇಲ್ಲಿ ವರದಿಗಾರರಾಗಿದ್ದರು. ವಿದ್ಯಾರ್ಥಿ ಚಳವಳಿಯ ಟಾಮ್ ಹೇಡನ್ ಸಂಪಾದಕರಾಗಿದ್ದರು. ಅಮೆರಿಕದ ಸಂವಿಧಾನಕ್ಕೆ 1971ರಲ್ಲಿ ಬಂದ 26ನೇ ತಿದ್ದುಪಡಿ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿದ ಮೇಲೆ ಪತ್ರಿಕೆಯ ಓದುಗರೇ ಮತದಾರರಾದರು.

ಚುನಾವಣೆ ಬಂತೆಂದರೆ ಅಭ್ಯರ್ಥಿಗಳ ಪರಿಚಯದ ಜೊತೆಗೆ ನೋಂದಣಿಯ ವಿವರವೂ ಅಚ್ಚಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ವಿಳಾಸದ್ದು. ಮಿಷಿಗನ್‌ನಲ್ಲಿ ಮತದಾರರ ಪಟ್ಟಿಯ ವಿಳಾಸವೂ ಡ್ರೈವಿಂಗ್ ಲೈಸೆನ್ಸಿನ ವಿಳಾಸವೂ ಒಂದೇ ಇರಬೇಕು. ಹಾಸ್ಟೆಲ್ ವಿಳಾಸದಲ್ಲಿ ಮತ ಬೇಕೆಂದರೆ ಲೈಸೆನ್ಸಿನ ವಿಳಾಸವೂ ಬದಲಾಗುತ್ತದೆ. ಕೊನೆಯ ಎರಡು ವಾರ ಆನ್‌ಲೈನ್ ನೋಂದಣಿ ಇಲ್ಲ. ವಾಸದ ದಾಖಲೆ ಹಿಡಿದು ಕ್ಲರ್ಕ್ ಕಚೇರಿಗೇ ಹೋಗಬೇಕು. ಮ್ಯೂಸಿಯಂ ಮುಂದಿನ ಸಾಲು ಬೆಳೆದದ್ದು ಹೀಗೆ.

ಮತಪತ್ರದಲ್ಲಿ ಇನ್ನೊಂದು ಸ್ವಾರಸ್ಯವಿದೆ. ವಿಶ್ವವಿದ್ಯಾಲಯವನ್ನು ಆಳುವ ಎಂಟು ಮಂದಿ ರೀಜೆಂಟರನ್ನೂ ರಾಜ್ಯದ ಮತದಾರರೇ ಆರಿಸುತ್ತಾರೆ. ದೇಶದ ಅಧ್ಯಕ್ಷರ ಹೆಸರಿಗೆ ಗುರುತು ಹಾಕಿ ಎದ್ದುಬರುವವರಿಗೆ ಆ ಹೆಸರುಗಳು ಕಣ್ಣಿಗೇ ಬೀಳುವುದಿಲ್ಲ. ವಿದ್ಯಾರ್ಥಿಗಳಿಗೋ, ಅವರು ಫೀಸು ತೀರ್ಮಾನಿಸುವವರು.

ಇದನ್ನೆಲ್ಲ ತಿಳಿಸುವ ಪತ್ರಿಕೆಗಳ ಕಾಲವೂ ಮೊದಲಿನಂತಿಲ್ಲ. ಆನ್ ಆರ್ಬರ್‌ನ ಹಳೆಯ ದಿನಪತ್ರಿಕೆ 2009ರಲ್ಲೇ ನಿಂತಿತು. ‘ಡೈಲಿ’ಯೂ ಈಗ ಕಾಗದದ ಮೇಲೆ ಬರುವುದು ವಾರಕ್ಕೊಮ್ಮೆ. ಹೆಸರು ಮಾತ್ರ ಹಾಗೇ ಉಳಿದಿದೆ.

ನಮ್ಮಲ್ಲೂ ಹಾಸ್ಟೆಲ್ ವಿದ್ಯಾರ್ಥಿ ಊರಿನಲ್ಲಾದರೂ ಹಾಸ್ಟೆಲ್ ವಿಳಾಸದಲ್ಲಾದರೂ ಪಟ್ಟಿಗೆ ಸೇರಬಹುದು. ಹಾಸ್ಟೆಲ್ ವಿಳಾಸಕ್ಕಾದರೆ ನೋಂದಣಿಯ ಅರ್ಜಿಯಾದ ಫಾರಂ 6ರ ಜೊತೆ ಕಾಲೇಜು ಮುಖ್ಯಸ್ಥರ ದೃಢೀಕರಣ ಬೇಕು. ನಾನು ಓದುವಾಗ ಇದನ್ನು ಯಾರೂ ಹೇಳಲಿಲ್ಲ. ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಮೆಸ್ ಬಿಲ್ಲು ತೂಗುತ್ತಿತ್ತು. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕವಿತೆಗಳೂ ಬಹುಮಾನ ಪಡೆದವರ ಫೋಟೊಗಳೂ ಇರುತ್ತಿದ್ದವು. ಅದು ಕೈಗೆ ಬರುವಷ್ಟರಲ್ಲಿ ಪರೀಕ್ಷೆ ಮುಗಿಸಿ ಟ್ರಂಕು ಕಟ್ಟಿ ಊರಿನ ಬಸ್ಸು ಹತ್ತಿರುತ್ತಿದ್ದೆವು.