ಕುದುರೆಯ ಹೊಟ್ಟೆಯೂ ಎಮ್ಮೆಯ ಹೊಟ್ಟೆಯೂ

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಬೇಲೂರು ಕೈಗಾರಿಕಾ ಪ್ರದೇಶವನ್ನು ಕಂಡವರಿಗೆ ಒಂದು ಮಾತು ತಿಳಿದೇ ಇರುತ್ತದೆ. ಕಚ್ಚಾ ಸರಕು ಒಂದೇ ಆದರೂ, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಕ್ರಮ ವ್ಯತ್ಯಾಸವಾದರೆ ಕಾರ್ಖಾನೆಯ ಫಲವೂ ವ್ಯತ್ಯಾಸವಾಗುತ್ತದೆ. ಪ್ರಾಣಿಗಳ ಜೀರ್ಣಾಂಗಗಳ ವಿಷಯವೂ ಹೀಗೆಯೇ. ಹಿಂದೆ ಹುಬ್ಬಳ್ಳಿ-ಧಾರವಾಡಗಳಲ್ಲಿ ಟಾಂಗಾ ಎಳೆಯುತ್ತಿದ್ದ ಕುದುರೆಯೂ, ಪೇಢೆಗೆ ಹಾಲೊದಗಿಸುವ ಧಾರವಾಡಿ ಎಮ್ಮೆಯೂ ತಿನ್ನತಕ್ಕದ್ದು ಹುಲ್ಲನ್ನೇ. ಆದರೆ ಒಳಗಣ ಏರ್ಪಾಡು ಬೇರೆ.

ಹುಲ್ಲಿನ ನಾರನ್ನು ಕರಗಿಸುವ ರಸವು ಯಾವ ಸಸ್ತನಿಯ ದೇಹದಲ್ಲಿಯೂ ಹುಟ್ಟುವುದಿಲ್ಲ. ಹೊಟ್ಟೆಯಲ್ಲಿ ನೆಲಸಿದ ಸೂಕ್ಷ್ಮಜೀವಿಗಳು, ದೋಸೆಯ ಹಿಟ್ಟು ಹುದುಗುವಂತೆ, ಅದನ್ನು ಹುದುಗಿಸಿ ಶಕ್ತಿಯನ್ನು ಬಿಡಿಸಿಕೊಡಬೇಕು. ಎಮ್ಮೆಯಲ್ಲಿ ಈ ಹುದುಗುವ ತೊಟ್ಟಿ ಮುಂಭಾಗದಲ್ಲಿದೆ. ಅದರ ಜಠರಕ್ಕೆ ನಾಲ್ಕು ಕೋಣೆಗಳು. ಮೊದಲನೆಯದೇ ಬಹು ದೊಡ್ಡದು. ಮೆಲುಕು ಹಾಕಿದ ಮೇವಿನೊಡನೆ ಸೂಕ್ಷ್ಮಜೀವಿಗಳೂ ಮುಂದೆ ಸಾಗಿ, ತಾವೇ ಜೀರ್ಣವಾಗಿ, ಎಮ್ಮೆಗೆ ಸಸಾರಜನಕವನ್ನು ಒದಗಿಸುತ್ತವೆ.

ಕುದುರೆಯಲ್ಲಿ ತೊಟ್ಟಿ ಹಿಂಭಾಗದಲ್ಲಿದೆ. ಅದಕ್ಕೆ ಜಠರವೊಂದೇ, ಅಷ್ಟು ದೊಡ್ಡ ಮೈಗೆ ಅದು ಹಿಡಿಯುವುದು ಸುಮಾರು 8ರಿಂದ 15 ಲೀಟರು ಮಾತ್ರ. ಕಾಳಿನ ಪಿಷ್ಟವೂ ಸಸಾರಜನಕವೂ ಸಣ್ಣಕರುಳಿನಲ್ಲಿ ಜೀರ್ಣವಾದ ಬಳಿಕ, ಉಳಿದ ನಾರು ಕುರುಡುಗರುಳನ್ನೂ ದೊಡ್ಡಕರುಳನ್ನೂ ಸೇರಿ ಅಲ್ಲಿ ಹುದುಗುತ್ತದೆ. ಶಕ್ತಿ ದೊರೆಯುತ್ತದೆ, ನಿಜ. ಆದರೆ ಸೂಕ್ಷ್ಮಜೀವಿಗಳ ಸಸಾರಜನಕದಲ್ಲಿ ಬಹುಪಾಲು ಲದ್ದಿಯೊಡನೆ ಹೊರಬೀಳುತ್ತದೆ. ಮೊಲದ ತೊಟ್ಟಿಯೂ ಹಿಂದೆಯೇ ಇದೆ. ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿಂದು ಅದು ಈ ನಷ್ಟವನ್ನು ತುಂಬಿಕೊಳ್ಳುತ್ತದೆ. ಕುದುರೆಯ ಉಪಾಯ ಬೇರೆ: ಮೇವನ್ನು ಬೇಗ ಸಾಗಿಸಿ, ದಿನದ ಬಹುಭಾಗ ಮೇಯುತ್ತಲೇ ಇರುವುದು. ಅದಕ್ಕೆ ಪಿತ್ತಕೋಶವಿಲ್ಲ, ಪಿತ್ತರಸ ಸದಾ ಹರಿಯುತ್ತಿರುತ್ತದೆ.

ಸಾಕುವವನು ತಪ್ಪುವುದು ಇಲ್ಲಿಯೇ. ದಿನವೆಲ್ಲ ದುಡಿಸಿ, ಸಂಜೆ ಕನಿಕರದಿಂದ ತೋಬರಿ ತುಂಬ ಕಾಳು ಕಟ್ಟಿದರೆ, ಅರಗದ ಪಿಷ್ಟವು ಹಿಂದಿನ ತೊಟ್ಟಿಗೆ ನುಗ್ಗಿ ವಿಪರೀತವಾಗಿ ಹುದುಗುತ್ತದೆ. ಆಮ್ಲವೂ ವಾಯುವೂ ಹೆಚ್ಚಿ ಹೊಟ್ಟೆಶೂಲೆ ಹಿಡಿಯಬಹುದು. ಗೊರಸುಗಳೊಳಗೆ ಉರಿಯೂತವೂ ಉಂಟಾಗಬಹುದು. ಜಠರದ ಬಾಯಿಯ ಸ್ನಾಯು ಬಹಳ ಬಿಗಿಯಾದುದರಿಂದ ಕುದುರೆ ವಾಂತಿ ಮಾಡಿ ಪಾರಾಗಲಾರದು.

ಆದಕಾರಣ ಮೊದಲು ಹುಲ್ಲು, ಆಮೇಲೆ ಕಾಳು. ಅದೂ ಸ್ವಲ್ಪಸ್ವಲ್ಪವಾಗಿ ಹಲವು ಸಲ. ಮೇವನ್ನು ಬದಲಿಸುವುದಾದರೆ ದಿನಗಳ ಮೇಲೆ ಕ್ರಮವಾಗಿ ಬದಲಿಸಬೇಕು. ಕುದುರೆ ನೆಲ ಕೆರೆದು, ಪಕ್ಕೆಯನ್ನು ತಿರುಗಿ ತಿರುಗಿ ನೋಡಿ, ಹೊರಳಾಡಿದರೆ ಮೇವು ನಿಲ್ಲಿಸಿ ಪಶುವೈದ್ಯರನ್ನು ಕೂಡಲೆ ಕರೆಯಿಸತಕ್ಕದ್ದು. ಎಮ್ಮೆಯ ಮೇವಿನ ಲೆಕ್ಕವನ್ನು ನಾವು ಕುದುರೆಗೆ ಹೂಡಿದರೆ, ಆ ತಪ್ಪಿಗೆ ತೆರುವ ಬೆಲೆ ಅದರ ಪ್ರಾಣವೇ ಆದೀತು.